ಎರವಲು ಸಮಾಧಿ

ನವೆಂಬರ್ ಎರಡು. ಸತ್ತವರ ಹಬ್ಬ.
ಸುಂಕೇರಿಯ ಇಗರ್ಜಿಯ ಹಿಂದೆ
ಎಲ್ಲರೂ ತಂತಮ್ಮವರ ತಲೆದೆಸೆಯಲ್ಲಿ
ಹುಲ್ಲು ಕಿತ್ತು, ಗೊಂಡೆ ಹೂ ಹರಡಿ,
ಮೊಂಬತ್ತಿ ಹಚ್ಚಿ ನಿಂತಿದ್ದರು.
ನನ್ನ ಕೈಯಲ್ಲೂ ಒಂದಿತ್ತು, ಹತ್ತು ರೂಪಾಯಿಯದು.
ಇಡುವುದೆಲ್ಲಿ?

ಕೈತಾನ ಹೋದದ್ದು ಆಗಸ್ಟಿನಲ್ಲಿ,
ಬೈತಕೋಲದಿಂದ, ಮೀನುಗಾರಿಕೆ ತೆರೆದ ಮೊದಲ ವಾರ.
ಏಳು ಜನರ ಬೋಟು. ಐವರು ಈಜಿ ಬಂದರು.
ಒಬ್ಬನನ್ನು ಮಾಜಾಳಿಯ ಮರಳು ಒಪ್ಪಿಸಿತು.
ಇವನದು ಒಂದು ರಬ್ಬರ್ ಚಪ್ಪಲಿ,
ಅದೂ ಇವನದೇ ಎಂದು ಆಣೆ ಮಾಡಲಾರೆ.
ಕಚೇರಿಯ ಗುಮಾಸ್ತ ಒಳ್ಳೆಯವನೇ, ಕುರ್ಚಿ ಕೊಟ್ಟ.
ದೇಹ ಇಲ್ಲದೆ ದಾಖಲೆ ಆಗೂದಿಲ್ಲ ಬಾಯಿ,
ಕಾನೂನು ಹಾಗಿದೆ, ಏಳು ವರ್ಷ ಕಾಯಬೇಕು.
ಅಲ್ಲಿಯವರೆಗೆ ನಾನು ವಿಧವೆಯಲ್ಲ. ಹೆಂಡತಿಯೂ ಅಲ್ಲ.
ರೇಶನ್ ಕಾರ್ಡಿನಲ್ಲಿ ಅವನು ಇನ್ನೂ ಅಕ್ಕಿ ತಿನ್ನುತ್ತಾನೆ.

ದೊಡ್ಡ ಶಿಲುಬೆಯ ಬುಡದಲ್ಲಿಡು, ಅಂದರು ಪಾದ್ರಿಗಳು,
ಅದು ಎಲ್ಲರದು.
ಎಲ್ಲರದು ನನಗೆ ಬೇಡವಾಗಿತ್ತು.
ಸೆರಗಿಗೆ ಸುತ್ತಿ ಮನೆಗೆ ತಂದೆ ಬತ್ತಿಯನ್ನು.
ಆ ರಾತ್ರಿ ಕರೆಂಟು ಹೋಗಿ, ಮಗಳು ಲವೀನ
ಅದರ ಬೆಳಕಲ್ಲೇ ಭಾಗಾಕಾರ ಮುಗಿಸಿದಳು.
ಶೇಷ ಎಷ್ಟು ಉಳಿಯಿತೇ, ಎಂದೆ.
ಎರಡು, ಅಂದಳು.

ಜಪಮಾಲೆಯನ್ನು ಗೋಡೆಯ ಮೊಳೆಗೆ ಬಿಟ್ಟಿದ್ದೆ.
ಮೂರು ತಿಂಗಳು ಮುಟ್ಟಲಿಲ್ಲ.
ಮುಂಜಾವದ ಇಳಿತಕ್ಕೆ ಕಾಳಿಯ ಕೆಸರಿಗಿಳಿದು
ಬಳಚು ಹೆಕ್ಕುವವಳ ಬೆರಳಿಗೆ ಬಿಡುವೆಲ್ಲಿ?
ಪೇಟೆಯಲ್ಲಿ ನೂರರ ಲೆಕ್ಕ,
ಅದಕ್ಕೇ ಹತ್ತು ಹತ್ತಾಗಿ ಎಣಿಸುತ್ತೇನೆ:
ಒಂದು, ಎರಡು, ಕೈ ಕೊಯ್ದದ್ದೊಂದು, ನಾಲ್ಕು...
ಹತ್ತಾದಾಗ ತುಟಿ ತಾನೇ ಅಂದುಬಿಟ್ಟಿತು,
'ಪಿತನಿಗೂ, ಸುತನಿಗೂ'.
ಸಿಟ್ಟು ಬಂತು ತುಟಿಯ ಮೇಲೆ.
ಮತ್ತೆ ಹತ್ತು. ಮತ್ತೆ ಅದೇ.
ಇದು ಪ್ರಾರ್ಥನೆಯಲ್ಲ ಕರ್ತನೇ, ಅಭ್ಯಾಸ,
ಕಟ್ಟಿದ ದೋಣಿ ನೀರು ಹೊಯ್ದಾಡಿದಾಗಲೆಲ್ಲ
ಗೂಟದತ್ತ ಮೂತಿ ತಿರುಗಿಸಿದ ಹಾಗೆ.

ಆಮೇಲೆ ಜಗಳವೇ ಶುರುವಾಯಿತು, ಮೊಣಕಾಲುದ್ದ ನೀರಲ್ಲಿ.
ನಿನಗಾದರೂ ಒಂದು ಸಮಾಧಿ ಇತ್ತು, ಅಂದೆ.
ಅಂದಮೇಲೆ ನೆನಪಾಯಿತು:
ಅದು ಬೇರೆ ಯಾರದೋ, ಎರವಲು. ಅದೂ ಮೂರೇ ದಿನ.
ಮಗ್ದಲದ ಆ ಹೆಂಗಸು ಕತ್ತಲಿರುವಾಗಲೇ ಎದ್ದು ಹೋಗಿ
ಅತ್ತದ್ದು ಸಾವಿಗಲ್ಲ, ದೇಹ ಸಿಗಲಿಲ್ಲವೆಂದು.
ಎಲ್ಲಿಟ್ಟಿದ್ದೀ ಹೇಳಪ್ಪ, ನಾನೇ ಹೊತ್ತು ಒಯ್ಯುತ್ತೇನೆ, ಎಂದಳಲ್ಲ,
ಒಬ್ಬಳೇ ಹೇಗೆ ಹೊರುತ್ತಿದ್ದಳು?
ಎಷ್ಟು ವರ್ಷದ ಪೂಜೆಯಲ್ಲಿ ಕೇಳಿದ ಮಾತು,
ಭುಜಕ್ಕೆ ತಾಗಿದ್ದು ಇವತ್ತು.

'ಪಿಯದಾ!'

ಎದೆ ಧಸಕ್ಕೆಂದಿತು. ತಿರುಗಿದೆ.
ದಂಡೆಯ ಮೇಲೆ ನಾಗುಬಾಯಿ ಹರಿಕಂತ್ರ,
ಮೂರು ಕಲ್ಲಿಟ್ಟು, ಗರಟೆಯ ಕೆಂಡ ಮಾಡಿ,
ಒಣ ಬಂಗಡೆ ಸುಡುತ್ತಿದ್ದಾಳೆ.
'ಎಣಿಸಿದ್ದು ಸಾಕು, ಗಂಜಿ ಆರುತ್ತದೆ, ಬಾ.'
ಮಾಜಾಳಿಯ ಮರಳು ಒಪ್ಪಿಸಿದ್ದು ಅವಳ ಅಣ್ಣನನ್ನು.
ಅವನ ಬೂದಿಯನ್ನು ಇದೇ ನೀರಿಗೆ ಬಿಟ್ಟಿದ್ದಳು.

ಏನನ್ನೋ ಕಂಡೆನೆಂದು ನಾನು ಹೇಳುವುದಿಲ್ಲ.
ಬೆಳಕು ಸದಾಶಿವಗಡದ ಮೇಲೆ ಎಂದಿನಂತೆ ಬಂತು.
ಬಂಗಡೆ ಉಪ್ಪಾಗಿತ್ತು. ಮುಳ್ಳು ಬಿಡಿಸಿ
ದೊಡ್ಡ ತುಂಡು ನನ್ನ ತಟ್ಟೆಗೆ ಹಾಕಿದಳು.
ಸೇತುವೆಯ ಮೇಲೆ ಮಡಗಾಂವ್ ಗಾಡಿ ಹೋಯಿತು.
ಆಗಸ್ಟಿನಿಂದೀಚೆ ಮೊದಲ ಸಲ ನನಗೆ ಹಸಿವಾಗಿತ್ತು,
ಇನ್ನೊಂದು ಸೌಟು ಕೇಳಿದೆ.

ಬುಟ್ಟಿಯಲ್ಲಿ ಆರು ಹತ್ತು, ಮೇಲೆ ಮೂರು.
ನೂರಕ್ಕೆ ಮೂವತ್ತೇಳು ಬೇಕು, ನೀರು ಏರುವ ಮೊದಲು.
ಕೈ ತೊಳೆದು ಮತ್ತೆ ಇಳಿದೆ.
ಅರವತ್ತನಾಲ್ಕು.