ಹೋಗಿಬರುವ ಚೀಟಿ

ಆರ್ಕ್ನಿಯ ಬಡಗಣ ದ್ವೀಪಗಳಿಗೆ ನಮ್ಮ ಕಂಪನಿಯದು ಎರಡೇ ಹಡಗು.
ಒಂದು ಸದಾ ರಿಪೇರಿಯಲ್ಲಿ.
ಹದಿನೇಳು ವರ್ಷದಿಂದ ಕೌಂಟರಿನ ಗಾಜಿನ ಈಚೆ ನಾನು.

ದರಪಟ್ಟಿ ಬಾಯಿಪಾಠ:
ಕುರಿಗೆ ಇಷ್ಟು, ಮೊಲೆಯುಣ್ಣುವ ಮರಿ ಪುಕ್ಕಟೆ.
ಜೇನುಪೆಟ್ಟಿಗೆ ಕಪ್ತಾನನ ಮರ್ಜಿ.
ಶವಪೆಟ್ಟಿಗೆ ಸರಕು; ಎರಡು ಮೀಟರಿನ ಒಳಗಾದರೆ
ಕಪಾಟಿನ ದರ.

ಗಾಳಿ ಎದ್ದ ದಿನ ಹಲಗೆಯ ಮೇಲೆ ಬರೆಯುತ್ತೇನೆ:
ಇಂದು ಇಲ್ಲ.
ಯಾರೂ ಜಗಳಕ್ಕೆ ಬರುವುದಿಲ್ಲ.
ಬ್ರೆಡ್ಡಿನ ಪೆಟ್ಟಿಗೆಗಳ ಮೇಲೆ ಕೂತು
ನನ್ನ ಚಹಾ ಖಾಲಿ ಮಾಡುತ್ತಾರೆ.

ಮಂಗಳವಾರ ಎರ್ಲೆಂಡ್ ಡ್ರೆವರ್ ಬಂದ, ಟೋಪಿ ಕೈಯಲ್ಲಿ.
ಹಿಂದೆ ಆಸ್ಪತ್ರೆಯ ವ್ಯಾನು, ಎಂಜಿನ್ ಆರಿಸದೆ.
ಇಂಗಾ ತೀರಿದ್ದು ಗುರುವಾರ.
ಸರಕಿನ ರಸೀತಿ ಪುಸ್ತಕ ಎಳೆದುಕೊಂಡೆ.
ಅವನು ಗಾಜಿನ ಕೆಳಗೆ ಸರಿಸಿದ,
ಬೆವರಿಗೆ ಮೆತ್ತಗಾದ ಹಳದಿ ಚೀಟಿ.
ಹೋಗುವ ಅರ್ಧ ನಾನೇ ಹರಿದದ್ದು,
ಓಟ್ಸ್ ಕುಯ್ಲಿನ ಹೊತ್ತಿಗೆ; ಅವಳು ಕೈಚೀಲ ಎತ್ತಿ
ಬರ್ತೀನಿ ಅಂದಿದ್ದಳು.
"ಬರೋದಕ್ಕೂ ಆಗಲೇ ಕೊಟ್ಟಿದೀವಿ" ಅಂದ.

ನಿಯಮ ಆರು: ಪ್ರಯಾಣಿಕರ ಚೀಟಿ ಸರಕಿಗೆ ಸಲ್ಲದು.
ನಿಯಮ ಒಂಬತ್ತು: ಮೂರು ತಿಂಗಳು ದಾಟಿದರೆ
ಯಾವುದಕ್ಕೂ ಸಲ್ಲದು.
ಬೆರಳು ಮಡಿಚಿ ಎಣಿಸಿದೆ. ದಾಟಿ ನಾಲ್ಕು ದಿನ.
ಆ ನಾಲ್ಕೂ ದಿನ ಹಲಗೆಯ ಮೇಲೆ
ನನ್ನದೇ ಅಕ್ಷರ.

ಚೀಟಿಗೆ ತೂತು ಹೊಡೆದೆ.
ಪಟ್ಟಿಯಲ್ಲಿ ಬರೆದೆ: ಡ್ರೆವರ್, ದೊಡ್ಡವರು ಇಬ್ಬರು.

ಹಗ್ಗ ಬಿಚ್ಚುವ ಮುಂಚೆ ಕಪ್ತಾನ ಫೋನು ಮಾಡಿದ:
ತಲೆ ಎಣಿಸಿದೆ, ಒಂದು ಕಡಿಮೆ ಬರುತ್ತಿದೆ.

ಇನ್ನೊಂದು ಸಲ ಎಣಿಸು ಅಂದೆ.