ಉಂಡ ಮನೆಯ ಜಂತೆ

ಬೇಲಿಟ್ಸ್‌ನ ಮರಳು ಹೊಲದಲ್ಲಿ ಬೆಳಗಿನ ಐದಕ್ಕೆ
ಕರಿ ಪ್ಲಾಸ್ಟಿಕ್ಕಿನ ಹಾಸು ಮಗುಚುತ್ತಾನೆ ಕೋಸ್ಟಿನ್.
ದಿಂಡಿನ ಮೇಲೆ ಕೂದಲೆಳೆಯಷ್ಟು ಬಿರುಕು;
ಕೆಳಗೆ, ಬೆಳಕನ್ನೇ ಕಾಣದೆ ಬೆಳೆದದ್ದಿದೆ.
ಎರಡು ಬೆರಳಿಂದ ಮಣ್ಣು ಬಿಡಿಸಿ
ಉದ್ದ ಕತ್ತಿ ಇಳಿಸಿ, ಕಟಕ್ಕೆಂದ ಮೇಲೆ ಎಳೆಯುತ್ತಾನೆ
ಬಿಳಿ ಶತಾವರಿಯ ಒಂದು ಚಿಗುರು.
ಕಿಲೋ ಲೆಕ್ಕ. ಬಾಗಿದ್ದಕ್ಕೆ ಕಡಿಮೆ.

ನಮ್ಮಲ್ಲಿ ಇದರ ನೆಂಟಸ್ತಿಕೆಯ ಬೇರನ್ನು
ಹಲವು ಮಕ್ಕಳ ತಾಯಿ ಎನ್ನುತ್ತಾರೆ.
ಕೋಸ್ಟಿನ್‌ಗೆ ಒಬ್ಬಳೇ ಮಗಳು.

ಸಂಜೆಯ ರೈಲು ಹಿಡಿದು ಬರ್ಲಿನ್ನಿನ ಮಕ್ಕಳ ವಾರ್ಡಿಗೆ.
ಇಲಿಂಕಳಿಗೆ ಏಳು ವರ್ಷ. ಬಿಳಿ ರಕ್ತಕಣಗಳು ಲೆಕ್ಕ ತಪ್ಪಿವೆ.
ಹನಿಹನಿಯಾಗಿ ಇಳಿಯುವ ಔಷಧದ ಹೆಸರನ್ನು
ಚೀಟಿಯಲ್ಲಿ ಓದಿದ ರಾತ್ರಿ ಅವನು ಬೆಚ್ಚಿದ:
ಆಸ್ಪರಾಜಿನೇಸ್. ಅರ್ಧ ಹೆಸರು ತನ್ನ ಹೊಲದ್ದು!
ಬಚ್ಚಲಲ್ಲಿ ನಿಂತು ಉಗುರಿನ ಮಣ್ಣು
ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೊಳೆದ,
ರೋಗ ತನ್ನ ಕೈಯಿಂದಲೇ ಹೋಯಿತೇನೋ ಎಂದು.

ಡಾಕ್ಟರ್ ಫೋಸ್‌ಬೆರ್ಗ್ ನಗಲಿಲ್ಲ. ಹಾಸಿಗೆಯಂಚಿಗೆ ಕೂತು
ನಿಧಾನದ ಜರ್ಮನ್‌ನಲ್ಲಿ ಹೇಳಿದರು:
ಇನ್ನೂರು ವರ್ಷದ ಹಿಂದೆ ಯಾರೋ
ಈ ಚಿಗುರಿನ ರಸ ಇಂಗಿಸಿದರು, ಹರಳು ಸಿಕ್ಕಿತು,
ಗಿಡದ ಹೆಸರನ್ನೇ ಅದಕ್ಕಿಟ್ಟರು. ಅಷ್ಟೇ ನಂಟು.
ಅದು ಎಲ್ಲರ ರಕ್ತದಲ್ಲೂ ಇದೆ, ಅನ್ನದ ಹಾಗೆ.
ಮೈಯ ಸಾಧಾರಣ ಕಣ ತನಗೆ ಬೇಕಾದ್ದನ್ನು
ಮನೆಯಲ್ಲೇ ಬೇಯಿಸಿಕೊಳ್ಳುತ್ತದೆ.
ಇವಳ ಕೆಟ್ಟ ಕಣಕ್ಕೆ ಒಲೆಯಿಲ್ಲ.
ನೂರು ಬಾಗಿಲು ತೆರೆದಿಟ್ಟು
ಬೀದಿಯಲ್ಲಿ ಹೋದದ್ದನ್ನೆಲ್ಲ ಒಳಗೆಳೆದುಕೊಳ್ಳುತ್ತದೆ.
ನಾವು ಅದನ್ನು ಹೊಡೆಯಲು ಹೋಗುವುದಿಲ್ಲ.
ಬೀದಿ ಬರಿದು ಮಾಡುತ್ತೇವೆ.

ಕೋಸ್ಟಿನ್‌ಗೆ ಅರ್ಥವಾಯಿತು: ಉಂಡ ಮನೆಯ ಜಂತೆ ಎಣಿಸುವವನು.
ಅಂಥವನನ್ನು ಅವನು ಬಲ್ಲ, ಹೋದ ವರ್ಷದ ಮೇಸ್ತ್ರಿ.

ಆದರೆ ಇದೇನು ಹಸಿವು ಮಗಳಿಗೆ!
ಜೊತೆಗೆ ಕೊಡುವ ಸ್ಟೆರಾಯ್ಡಿಗೆ ರಾತ್ರಿ ಮೂರಕ್ಕೆ ಏಳುತ್ತಾಳೆ,
ಕೆನ್ನೆ ಊದಿ, ಕೂದಲು ದಿಂಬಿನ ಮೇಲೆ ಬಿಟ್ಟು,
'ಅಪ್ಪಾ, ಮಾಮಾಲಿಗಾ' ಎನ್ನುತ್ತಾಳೆ.
ವಾರ್ಡಿನ ಅಡುಗೆಕೋಣೆಯಲ್ಲಿ ಮೆಕ್ಕೆಜೋಳದ ಹಿಟ್ಟು ತಿರುವುತ್ತಾ
ಅವನಿಗೆ ತೋಚುವುದಿಲ್ಲ, ಈ ತುತ್ತಿನಲ್ಲಿ
ಅವಳ ಪಾಲೆಷ್ಟು, ಅದರ ಪಾಲೆಷ್ಟು.
ಕೇಳಿದ್ದಕ್ಕೆ ರಾತ್ರಿಪಾಳಿಯ ಗುದ್ರುನ್ ಬೈದಳು:
'ಉಪವಾಸ ಹಾಕಲಿಕ್ಕೆ ಬಾಟಲಿ ಇದೆ ಮಾರಾಯ,
ತಟ್ಟೆಯ ಗೊಡವೆ ಬೇಡ. ನೀನು ಉಣಿಸು.'
ಚೀಸ್ ತುರಿದು ಹಾಕಿದಳು, ಸಾಕೆಂದರೂ.

ಒಂಬತ್ತನೇ ದಿನ ಹೊಟ್ಟೆನೋವು. ಮೇದೋಜೀರಕ ಸ್ವಲ್ಪ ಊದಿತ್ತು.
ಔಷಧ ನಿಂತಿತು. ಎಂಟು ದಿನವಾದ ಮೇಲೆ ಮತ್ತೆ.
ಆ ಎಂಟು ದಿನ ಹೊಲದಲ್ಲಿ ಅವನ ಕತ್ತಿ
ಎಲ್ಲೆಲ್ಲೋ ಇಳಿಯಿತು, ಮೊಳಕೆ ಮುರಿಯಿತು.
ಕೊನೆಗೆ ಕೇಳಿಯೇಬಿಟ್ಟ, ಕೇಳಬಾರದೆಂದುಕೊಂಡದ್ದನ್ನು:
'ಅದು ಅಡುಗೆ ಕಲಿತರೆ?'

ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.
'ಕಲಿಯುತ್ತವೆ ಕೆಲವು. ಮೂರು ಕಲ್ಲು ಜೋಡಿಸಿ ತಾವೇ ಒಲೆ ಹೂಡುತ್ತವೆ.
ಆಗ ಬೇರೆ ದಾರಿ ಹಿಡಿಯಬೇಕು.
ಒಂದೊಂದು ಕ್ಯಾನ್ಸರಿಗೆ ಒಂದೊಂದು ಹಸಿವು,
ಕೆಲವದರ ಬಾಗಿಲು ಯಾವ ಕಡೆಗೋ ನಮಗಿನ್ನೂ ಗೊತ್ತಿಲ್ಲ.
ಇಲಿಂಕಳದು ಇವತ್ತಿನವರೆಗೆ ಕಲಿತಿಲ್ಲ.'

ಇವತ್ತಿನವರೆಗೆ.
ರೈಲಿನಲ್ಲಿ ಆ ಮಾತನ್ನು ಚಿಲ್ಲರೆಯಂತೆ
ಜೇಬಿನೊಳಗೆ ಹಿಡಿದು ಕೂತ.

ಜೂನ್ ಇಪ್ಪತ್ತನಾಲ್ಕಕ್ಕೆ ಕೊಯ್ಲು ಮುಗಿಯಿತು.
ಆಮೇಲೆ ಕತ್ತಿ ಮುಟ್ಟುವಂತಿಲ್ಲ. ಉಳಿದ ಚಿಗುರು ಮೇಲೆದ್ದು
ಹಸಿರಾಗಿ, ನೂಲಿನಂಥ ಎಲೆ ಬಿಟ್ಟು ಬಿಸಿಲುಣ್ಣಬೇಕು.
ಎರಡು ತಿಂಗಳು ಕೊಟ್ಟ ಬೇರಿಗೂ ಹೊಟ್ಟೆಯಿದೆ.
ಕೂಲಿಯವರು ರೊಮೇನಿಯಾದ ಬಸ್ಸು ಹತ್ತಿದರು.
ಕೋಸ್ಟಿನ್ ಉಳಿದ.
ಒಂದೆಳೆ ಹಸಿರು ಮುರಿದು ತಂದ.
ಮಣ್ಣಿನದೇನೂ ಒಳಗೆ ಬರುವಂತಿಲ್ಲ,
ಗುದ್ರುನ್ ಬಾಗಿಲಲ್ಲೇ ತಡೆದಳು. ಗಾಜಿನಾಚೆಯಿಂದ ತೋರಿಸಿದ.

ಬೋಳು ತಲೆ, ತುಂಬು ಕೆನ್ನೆ,
ಗಾಜಿಗೆ ಮೂಗು ಒತ್ತಿ ಇಲಿಂಕ ಬಹಳ ಹೊತ್ತು ನೋಡಿದಳು.
ತುಟಿ ಅಲ್ಲಾಡಿತು. ಅವನು ಓದಿಕೊಂಡ:
'ತಿನ್ನೋದಾ?'