ಎರಡನೆಯದು

ಮೊದಲನೆಯದರಲ್ಲಿ ಐಸು ಇತ್ತು, ಅಂದ ಗಜಾನನ ತಾಂಡೇಲ.
ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದಿನ ಕೋಣೆಯಲ್ಲಿ
ನಾವು ಬಾರಿಸಿದ್ದು ರಾತ್ರಿ,
ಅವನು ಗಡ್ಡೆ ಒಡೆಯುತ್ತಿದ್ದುದೂ ರಾತ್ರಿ.
ಮೂರನೇ ಹಾಡಿನ ನಡುವೆ ಒಂದು ಧಡ್.
ಎಲ್ಲರೂ ತಾಳ ಅಂದುಕೊಂಡರು. ಅದು ಅವನ ಸುತ್ತಿಗೆ.

ಇದು ಚೊಕ್ಕ ಉಂಟು, ಇದರಲ್ಲಿ ನಾನಿಲ್ಲ,
ಅಂದು ಇಯರ್‌ಫೋನು ಸುತ್ತಿ ಕೈಗಿಟ್ಟ.

ಕೈಗಾ ಬಸ್ಸಿನ ಸುನೇತ್ರಾ ಬಾಂದೇಕರ
ನಾಲ್ಕನೇ ಹಾಡು ಮುಗಿಯಲೆಂದು
ಮಲ್ಲಾಪುರದಲ್ಲಿ ಇಳಿಯದೆ ಮುಂದೆ ಹೋದಳಂತೆ.
ಹೊಗಳಿಕೆಯೇ ಅಂತ ಕೇಳಿದೆ.
ನಿದ್ದೆ ಬಂದಿತ್ತು, ಅಂದಳು. ಆಮೇಲೆ ನಕ್ಕಳು.
ಯಾವುದು ನಿಜವೆಂದು ಈವರೆಗೆ ಹೇಳಿಲ್ಲ.

ಡ್ರಮ್ಮಿನ ಮೆಲ್ವಿನ್‌ನ ಅಪ್ಪ: ಕೊಂಕಣಿ ಯಾಕೆ ಕಡಿಮೆ?
ಕೋಡಿಬಾಗದ ಹುಡುಗರು: ಗೋವಾದವರ ಹಾಗೆ ಆಯ್ತು.
ಗೋವಾದವರು ಏನೂ ಅನ್ನಲಿಲ್ಲ.

ಪಣಜಿಯ ಸ್ಟುಡಿಯೋದ ಗೋಡೆಗೆಲ್ಲ ಸ್ಪಂಜು.
ಗಂಟೆಗಿಷ್ಟು ಅಂತ ಎಣಿಸಿಕೊಟ್ಟು
ನಾವು ಕೊಂಡದ್ದು ಆ ಮೌನವನ್ನೇ.
ಹಾಡಿನ ಮುಂಚೆ ಎಳೆದುಕೊಂಡ ಉಸಿರನ್ನೂ
ಒರೆಸಿ ಕೊಟ್ಟರು.

ನಿನ್ನೆ ಗಜಾನನನ ಅಣ್ಣ ದಾಮೋದರನ ದೋಣಿಯಲ್ಲಿ
ಕೂರ್ಮಗಡ ದಾಟಿ ಮರಳುವಾಗ ಫೋನಿನಲ್ಲಿ ಹಚ್ಚಿದೆ.
ಅಡಿಯಿಂದ ಇಂಜಿನ್ ಬಂದು ಸೇರಿತು,
ಡೀಸೆಲ್ಲಿನ ಕೆಮ್ಮು
ಸರಿಯಾಗಿ ನನ್ನ ಬೇಸ್ ಗಿಟಾರಿನ ಜಾಗದಲ್ಲಿ,
ಬಂಗಡೆಯ ಬುಟ್ಟಿ ನಡುಗುವಷ್ಟು.
ಕೇಳು, ಈಗ ಕೇಳು, ಅಂದೆ.

ದಾಮೋದರ ಕೈ ಎತ್ತಿದ:
ಬಂದ್ ಮಾಡು ಮಾರಾಯ,
ಇಂಜಿನ್ ಎಲ್ಲೋ ತಪ್ಪುತ್ತಾ ಉಂಟು,
ಕಿವಿ ಕೊಡಬೇಕು.